ಚೌತಿಯ ಚಂದ್ರ

ಭಾದ್ರಪದ ಶುದ್ಧ ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂಬುದು ನಮ್ಮಲ್ಲಿ ಎಳೆಯ ಮಕ್ಕಳಿಗೂ ತಿಳಿದ ವಿಷಯ. ಅದರ ಹಿಂದಿನ ಕಥೆಯೂ ತಿಳಿದದ್ದೇ. ಮನೆಮನೆಯ ಕಡುಬು ಮೋದಕಗಳನ್ನು ಸವಿದು, ತುಂಬಿದ ಹೊಟ್ಟೆಯೊಡನೆ ಗಣಪತಿ ಇಲಿಯನ್ನೇರಿ ಹೊರಟಿದ್ದಾನೆ. ಹಾದಿಗೆ ಹಾವು ಅಡ್ಡ ಬಂತು; ಇಲಿ ಬೆದರಿತು; ಗಣಪತಿ ಬಿದ್ದ; ಹೊಟ್ಟೆ ಬಿರಿದು ಕಡುಬುಗಳೆಲ್ಲ ಚೆಲ್ಲಿದವು. ಆತ ಬೇಸರಿಸಲಿಲ್ಲ. ಎಲ್ಲವನ್ನೂ ಮತ್ತೆ ತುಂಬಿಕೊಂಡು, ಅದೇ ಹಾವನ್ನು ಹೊಟ್ಟೆಗೆ ಪಟ್ಟಿಯಾಗಿ ಬಿಗಿದುಕೊಂಡ. ಮೇಲಿನಿಂದ ಇದನ್ನು ನೋಡುತ್ತಿದ್ದ ಚಂದ್ರ ನಕ್ಕುಬಿಟ್ಟ. ಬಿದ್ದದ್ದಕ್ಕೆ ಬಾರದ ಕೋಪ ಗಣಪತಿಗೆ ಆ ನಗೆಯಿಂದ ಬಂತು. ನಿನ್ನನ್ನು ನೋಡಿದವರಿಗೆ ಮಿಥ್ಯಾಪವಾದ ಬರಲಿ ಎಂದು ಶಪಿಸಿದ. ಸ್ವತಃ ಶ್ರೀಕೃಷ್ಣನೇ ಆ ಚಂದ್ರನನ್ನು ನೋಡಿ ಶ್ಯಮಂತಕ ಮಣಿಯ ಕಳ್ಳನೆನಿಸಿಕೊಳ್ಳಬೇಕಾಯಿತು.

ಈ ಕಥೆಯನ್ನು ನಾವು ಹಬ್ಬದ ದಿನ ಓದಿ, ಅಕ್ಷತೆ ಹಾಕಿ, ಮರೆತುಬಿಡುತ್ತೇವೆ. ಆದರೆ ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳುಂಟು. ಒಂದು, ನಕ್ಕವನು ಯಾರೆಂಬುದು. ಚೆಲುವಿಗೆ ಉಪಮಾನವಾಗಿ ಕವಿಗಳು ಯಾರನ್ನು ಕರೆಯುತ್ತಾರೋ ಅವನೇ, ತನ್ನ ಮೈ ಹದಿನೈದು ದಿನ ತುಂಬುತ್ತ ಹದಿನೈದು ದಿನ ಸೊರಗುತ್ತ ಇರುವವನೇ, ಇನ್ನೊಬ್ಬನ ಹೊಟ್ಟೆಯನ್ನು ಕಂಡು ನಕ್ಕ. ಎರಡನೆಯದು, ಶಿಕ್ಷೆ ಯಾರಿಗೆಂಬುದು. ನಕ್ಕವನಿಗೆ ಮಾತ್ರವಲ್ಲ, ನಕ್ಕವನನ್ನು ನೋಡುತ್ತ ನಿಂತವನಿಗೂ ಉಂಟು. ಇನ್ನೊಬ್ಬರ ಮೈಯನ್ನು ಆಡಿಕೊಳ್ಳುವುದು ಸಲ್ಲದೆಂದು ನಮ್ಮ ಹಿರಿಯರು ಹಾಕಿದ ಕಟ್ಟಳೆಗಳಲ್ಲಿ ಇದಕ್ಕಿಂತ ಕಠಿಣವಾದದ್ದು ನನಗೆ ಕಂಡಿಲ್ಲ. ವಿಚಿತ್ರವೆಂದರೆ, ಆ ರಾತ್ರಿ ಚಂದ್ರನತ್ತ ಮುಖವೆತ್ತದೆ ಎಚ್ಚರಿಕೆಯಿಂದ ನಡೆದು ಹೋಗುವ ನಾವೇ, ಮರುದಿನ ಬೀದಿಯ ತಿರುವಿನಲ್ಲಿ ಎದುರಾದ ಪರಿಚಿತರಿಗೆ “ಏನ್ರೀ, ಇಷ್ಟು ದಪ್ಪಗಾಗಿಬಿಟ್ಟಿದ್ದೀರಿ!” ಎನ್ನುತ್ತೇವೆ.

ಈ ಬಗೆಯ ಮಾತು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದು ಮಾತೆಂದೇ ನಮಗೆ ತೋರುವುದಿಲ್ಲ. ನಮಸ್ಕಾರದ ಒಂದು ಅಂಗವೆಂದು ತೋರುತ್ತದೆ. ಮದುವೆಯ ಮನೆ, ಬಸ್ ನಿಲ್ದಾಣ, ಕಚೇರಿ, ದೇವಸ್ಥಾನದ ಪ್ರಾಕಾರ, ಎಲ್ಲಿ ಇಬ್ಬರು ಬಹುದಿನದ ಮೇಲೆ ಕಂಡರೂ ಮೊದಲ ವಾಕ್ಯ ಮೈಯ ಅಳತೆಯದೇ. ದಪ್ಪಗಾಗಿದ್ದೀಯ, ಇಲ್ಲವೆ ಸೊರಗಿದ್ದೀಯ. ಇದ್ದ ಹಾಗೆಯೇ ಇದ್ದೀಯ ಎನ್ನುವವರೂ ಕಣ್ಣಿನಲ್ಲೇ ಒಮ್ಮೆ ತೂಗಿ ನೋಡಿಯೇ ಹಾಗೆನ್ನುವುದು. ಒಬ್ಬರ ಸಂಬಳವೆಷ್ಟೆಂದು ನಾಲ್ಕು ಜನರೆದುರು ಕೇಳಲು ಅಳುಕುವ ನಾಗರಿಕರು ಒಬ್ಬರ ಸೊಂಟದ ಸುತ್ತಳತೆಯನ್ನು ನಾಲ್ಕು ಜನರೆದುರು ಸಾರಲು ಅಳುಕುವುದಿಲ್ಲ.

ಇದು ಬರಿಯ ಅನಾಗರಿಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕನ್ನಡವನ್ನು ಕಲಿಸಿ ಜೀವನ ಸಾಗಿಸಿದ ನನ್ನಂಥವನಿಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ಮನಸ್ಸು ಬರುವುದಿಲ್ಲ. ಒಂದು ಜನ ಹೀಗೆ ಮಾತನಾಡುತ್ತದೆಂದರೆ ಅದಕ್ಕೆ ಕಾರಣ ಅದರ ಭಾಷೆಯಲ್ಲೇ ಎಲ್ಲೋ ಹುದುಗಿರುತ್ತದೆ. ನಾನು ಹಾಸ್ಟೆಲಿನಿಂದ ರಜಕ್ಕೆ ಊರಿಗೆ ಹೋದಾಗಲೆಲ್ಲ ನಮ್ಮಜ್ಜಿ ನನ್ನ ಕೆನ್ನೆ ಸವರಿ, “ಬಡವಾಗಿದ್ದೀಯಲ್ಲೋ ಮಗಾ” ಎನ್ನುತ್ತಿದ್ದಳು. ಬಡವಾಗುವುದೆಂದರೆ ಸಣ್ಣಗಾಗುವುದು. ಬಡತನ ಎಂಬಲ್ಲಿರುವುದೂ ಅದೇ ‘ಬಡ’, ಬಡಕಲು ಎಂಬಲ್ಲಿರುವುದೂ ಅದೇ. ಹಣವಿಲ್ಲದವನಿಗೂ ಮೈಯಲ್ಲಿ ಮಾಂಸವಿಲ್ಲದವನಿಗೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿತು. ಏಕೆಂದರೆ ಅವರಿಬ್ಬರೂ ಬಹುಕಾಲ ಒಬ್ಬನೇ ಆಗಿದ್ದರು. ನಮ್ಮ ಹಳೆಯ ಕವಿಗಳು ಮಾತ್ರ ನಾಯಕಿಯ ತೆಳು ಸೊಂಟವನ್ನು ‘ಬಡನಡು’ ಎಂದು ಕೊಂಡಾಡಿದರು. ಅರಮನೆಯ ವರ್ಣನೆಯಲ್ಲಿ ಬಡತನಕ್ಕೆ ಸಿಕ್ಕ ಮನ್ನಣೆ ಬಹುಶಃ ಅದೊಂದೇ ಇರಬೇಕು!

ಇತರ ಪದಗಳನ್ನೂ ನೋಡಿ. ತೆಳ್ಳಗಾದವನನ್ನು ಕುರಿತು ನಾವು ಸೊರಗಿದ, ಬಾಡಿದ, ಬತ್ತಿಹೋದ, ಒಣಗಿದ ಎನ್ನುತ್ತೇವೆ. ಇವೆಲ್ಲ ಗಿಡಕ್ಕೆ, ಕೆರೆಗೆ, ಹೊಲಕ್ಕೆ ಸಲ್ಲುವ ಮಾತುಗಳು. ಮೈ ಬಂದಾಗ ಮೈದುಂಬಿದೆ, ಕಳೆಕಳೆಯಾಗಿದೆ ಎನ್ನುತ್ತೇವೆ. ಮಳೆ ಬಂದ ಮೇಲಿನ ಊರಿನ ವರ್ಣನೆ ಅದು. ಮಳೆಯನ್ನೇ ನಂಬಿದ ನಾಡಿನವರು ಮನುಷ್ಯನ ಮೈಯನ್ನೂ ಕೆರೆಯ ಹಾಗೆ ನೋಡಿದರು. ತುಂಬಿದೆಯೋ, ಇಳಿದಿದೆಯೋ, ಮುಂದಿನ ಬೇಸಗೆಗೆ ಸಾಕಾದೀತೋ ಎಂದು. ಗುಣವನ್ನು ಹೇಳುವಾಗಲೂ ಹಾಗೆಯೇ: ಹಿರಿದಾದ ಗುಣ ದೊಡ್ಡತನ, ಕೀಳಾದದ್ದು ಸಣ್ಣತನ.

ಈ ನೋಟ ಎಲ್ಲಿಂದ ಬಂತೆಂಬುದನ್ನು ಊಹಿಸಲು ಹೆಚ್ಚು ದೂರ ಹೋಗಬೇಕಿಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಮಹಾಕ್ಷಾಮವನ್ನು ಆಯಾ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಬರವನ್ನು ಕಂಡವರ ಮೊಮ್ಮಕ್ಕಳು ನಮ್ಮ ಅಜ್ಜಿಯಂದಿರು. ಮಗುವಿನ ಪಕ್ಕೆಲುಬು ಎಣಿಸಲು ಸಿಕ್ಕರೆ ಅವರ ಎದೆ ನಡುಗಿದ್ದರಲ್ಲಿ ಆಶ್ಚರ್ಯವೇನು? ಕೆನ್ನೆ ತುಂಬಿದ ಸೊಸೆಯನ್ನು ಕಂಡು “ಈಗ ನೋಡು, ಲಕ್ಷಣವಾಗಿದ್ದೀಯ” ಎಂದದ್ದರಲ್ಲಿ ಹೀಯಾಳಿಕೆಯೆಲ್ಲಿದೆ? ಅವರ ಮಾತಿನಲ್ಲಿ ಇದ್ದದ್ದು ತೀರ್ಪಲ್ಲ, ಕಳವಳ. ಆ ಮಾತಿನ ಹಿಂದೆಯೇ ಒಂದು ತಟ್ಟೆ ಬರುತ್ತಿತ್ತು, ತಟ್ಟೆಯ ಮೇಲೊಂದು ಮಿಳ್ಳೆ ತುಪ್ಪ ಬೀಳುತ್ತಿತ್ತು. ಅಮೆರಿಕದಲ್ಲಿರುವ ಮೊಮ್ಮಗನನ್ನು ಇಂದು ಕೈಯಲ್ಲಿನ ಫೋನಿನ ಗಾಜಿನಲ್ಲಿ ಕಂಡು “ಸೊರಗಿಹೋಗಿದ್ದಾನೆ” ಎಂದು ಕಣ್ಣೊರೆಸಿಕೊಳ್ಳುವ ಅಜ್ಜಿಯೂ ಆ ವಂಶದವಳೇ. ತಟ್ಟೆಯನ್ನು ಮಾತ್ರ ಆಕೆ ಗಾಜಿನಾಚೆ ದಾಟಿಸಲಾರಳು.

ಹೀಗೆ ನೋಡಿದ ಹಿರಿಯರೇ ನೋಟಕ್ಕೆ ಒಂದು ಅಂಕುಶವನ್ನೂ ಇಟ್ಟಿದ್ದರು. ಅದು ದೃಷ್ಟಿ. ದುಂಡಗಿರುವ ಮಗುವನ್ನು ದುಂಡಗಿದೆ ಎನ್ನಬಾರದು. ಅಂದರೆ ಕಣ್ಣು ತಾಗುತ್ತದೆ. ಹಾಗೆಂದೇ ತಾಯಿ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಿದ್ದಳು. ಬಾಯಿ ತಪ್ಪಿ ಹೊಗಳಿದ ನೆಂಟರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಇದನ್ನು ಮೂಢನಂಬಿಕೆಯೆಂದು ನಮ್ಮ ತಲೆಮಾರು ಬಿಟ್ಟಿತು. ಬಿಟ್ಟದ್ದು ಸರಿಯೇ. ಆದರೆ ಆ ನಂಬಿಕೆಯ ತಿರುಳಾಗಿದ್ದ ಒಂದು ತಿಳಿವಳಿಕೆಯನ್ನೂ ಅದರೊಡನೆ ಬಿಟ್ಟೆವು. ಇನ್ನೊಬ್ಬರ ಮೈಯ ಮೇಲೆ ಬಿದ್ದ ಕಣ್ಣಿಗೂ ಆಡಿದ ಮಾತಿಗೂ ಒಂದು ಭಾರವುಂಟು, ಅದು ತಾಗಿದವರನ್ನು ನೋಯಿಸಬಲ್ಲುದು ಎಂಬುದೇ ಆ ತಿಳಿವಳಿಕೆ. ಕಣ್ಣಿನ ದೃಷ್ಟಿ ಉಂಟೋ ಇಲ್ಲವೋ, ಮಾತಿನ ದೃಷ್ಟಿಯಂತೂ ಉಂಟು. ಅದನ್ನು ತೆಗೆಯಲು ಯಾವ ಮೆಣಸಿನಕಾಯಿಯೂ ಸಾಲದು.

ತೂಕ ಮಾಡುವುದಕ್ಕೂ ನಮ್ಮಲ್ಲಿ ಹಿಂದೆ ಒಂದು ಮರ್ಯಾದೆ ಇತ್ತು. ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಹಾದಿಯಲ್ಲಿ ಎರಡು ಕಲ್ಲುಕಂಬಗಳ ಮೇಲೆ ತೊಲೆಯಿಟ್ಟ ಎತ್ತರದ ಚೌಕಟ್ಟೊಂದನ್ನು ನೋಡಿರುತ್ತೀರಿ. ಅರಸರ ತುಲಾಭಾರ ಅಲ್ಲಿ ನಡೆಯುತ್ತಿತ್ತೆಂದು ಹೇಳುತ್ತಾರೆ. ಒಂದು ತಟ್ಟೆಯಲ್ಲಿ ದೊರೆ, ಇನ್ನೊಂದರಲ್ಲಿ ಚಿನ್ನ, ತೂಗಿದ್ದು ದಾನಕ್ಕೆ. ದೊರೆ ಸ್ವಲ್ಪ ಸ್ಥೂಲಕಾಯನಾಗಿದ್ದರೆ ದಾನ ಪಡೆಯುವವರು ಒಳಗೊಳಗೇ ಸಂತೋಷಪಟ್ಟಿರಬಹುದು! ಇಂದಿಗೂ ಉಡುಪಿಯಲ್ಲಿ ಹರಕೆ ಹೊತ್ತವರು ಮಕ್ಕಳನ್ನು ಕೂರಿಸಿ ಅಕ್ಕಿ ಬೆಲ್ಲಗಳಿಂದ ತೂಗಿಸುತ್ತಾರೆ. ಅಲ್ಲಿ ಮೈಯ ಭಾರವೆಂಬುದು ದೇವರಿಗೆ ಸಲ್ಲಿಸುವ ಲೆಕ್ಕ; ನೆರೆಹೊರೆಯವರಿಗಲ್ಲ.

ನಮ್ಮ ರೈಲು ನಿಲ್ದಾಣಗಳಲ್ಲಿದ್ದ ತೂಕದ ಯಂತ್ರವನ್ನು ಐವತ್ತು ದಾಟಿದ ಕೇಳುಗರು ಮರೆತಿರಲಾರರು. ಬಣ್ಣಬಣ್ಣದ ದೀಪಗಳು ಹತ್ತಿ ಆರುತ್ತಿದ್ದ ಆ ದೊಡ್ಡ ಪೆಟ್ಟಿಗೆಯ ಮೇಲೆ ನಿಂತು ನಾಣ್ಯ ಹಾಕಿದರೆ ಒಂದು ರಟ್ಟಿನ ಚೀಟಿ ಕೆಳಗೆ ಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕ, ಅದರ ಜೊತೆಗೇ ನಮ್ಮ ಗುಣವನ್ನೋ ಭವಿಷ್ಯವನ್ನೋ ಕುರಿತ ಒಂದು ಸಾಲು. ತೂಕ ಎಷ್ಟೇ ಇರಲಿ, ನೀವು ಉದಾರಿಗಳು, ನಿಮಗೆ ಶುಭ ಕಾದಿದೆ ಎಂಬಂಥ ಮಾತೊಂದು ಇದ್ದೇ ಇರುತ್ತಿತ್ತು. ಎದೆಯಿಲ್ಲದ ಯಂತ್ರಕ್ಕೂ ಬರಿಯ ತೂಕ ಹೇಳಿ ಕಳಿಸಬಾರದೆಂಬ ಸೌಜನ್ಯವಿತ್ತು! ಕೇಳಿದವರಿಗೆ ಮಾತ್ರ, ಕೇಳಿದಾಗ ಮಾತ್ರ, ಅವರ ಕೈಗೆ ಮಾತ್ರ ಅದು ಚೀಟಿ ಕೊಡುತ್ತಿತ್ತು. ಈ ಮೂರು ನಿಯಮಗಳನ್ನು ಮನುಷ್ಯರೂ ಪಾಲಿಸಿದ್ದರೆ ನನ್ನ ಈ ಭಾಷಣಕ್ಕೆ ಅಗತ್ಯವೇ ಇರುತ್ತಿರಲಿಲ್ಲ.

ಕಾಲ ಬದಲಾಯಿತು. ಬರದ ಭಯ ಹಿಂದೆ ಸರಿದು ಅನ್ನ ಸಿಕ್ಕಿತು. ನಡೆಯುತ್ತಿದ್ದವರು ವಾಹನ ಏರಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ಶೇಕಡ 24ರಷ್ಟು ಮಂದಿ ಅಧಿಕ ತೂಕದವರು, ಶೇಕಡ 18.7ರಷ್ಟು ಮಂದಿ ತೀರ ಕಡಿಮೆ ತೂಕದವರು. ಅಂದರೆ ಅಜ್ಜಿಯ ಕಳವಳ ಇನ್ನೂ ತೀರಿಲ್ಲ, ಅದಕ್ಕೆ ಎದುರಾದ ಕಳವಳವೂ ಬಂದು ಕೂತಿದೆ. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಇವೆರಡೂ ಇವೆ. ನಮ್ಮ ಮಾತು ಮಾತ್ರ ಈ ಬದಲಾವಣೆಗೆ ಹೊಂದಿಕೊಳ್ಳಲಿಲ್ಲ. ‘ದಪ್ಪಗಾಗಿದ್ದೀಯ’ ಎಂಬ ವಾಕ್ಯದ ಅಕ್ಷರ ಒಂದೂ ಬದಲಾಗದೆ, ಹರಕೆಯಾಗಿದ್ದದ್ದು ಆರೋಪವಾಯಿತು.

ಆರೋಪಕ್ಕೆ ಈಗ ಶಾಸ್ತ್ರದ ಬೆಂಬಲವೂ ಸಿಕ್ಕಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆಯೊಂದನ್ನು ಹಿಡಿದು ಎಲ್ಲರೂ ಎಲ್ಲರನ್ನೂ ಅಳೆಯುತ್ತಿದ್ದಾರೆ. ಆ ಸೂತ್ರ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ವಿದ್ವಾಂಸನದು. ಆತ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ. ನಕ್ಷತ್ರಗಳನ್ನು ಎಣಿಸುವ ಕ್ರಮದಲ್ಲಿ ಜನಸಮುದಾಯಗಳನ್ನೂ ಎಣಿಸಿ, ‘ಸರಾಸರಿ ಮನುಷ್ಯ’ನನ್ನು ಕಂಡುಹಿಡಿಯುವುದು ಆತನ ಹಂಬಲವಾಗಿತ್ತು. ಅವನ ಲೆಕ್ಕಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯ ಬರಹದಿಂದ. ಸಮುದಾಯಗಳನ್ನು ತಿಳಿಯಲು ಹುಟ್ಟಿದ ಅಳತೆಯದು. ವೈದ್ಯರ ಕೈಯಲ್ಲಿ ಅದಕ್ಕೆ ಉಪಯೋಗವಿದೆ. ಒಬ್ಬ ವ್ಯಕ್ತಿಯ ಆರೋಗ್ಯಕ್ಕೆ ಅದೊಂದೇ ಸಾಕ್ಷಿಯಲ್ಲವೆಂದೂ ವೈದ್ಯರು ಬಲ್ಲರು. ಅದು ಬೀದಿಗೆ ಬಂದಾಗ ಮಾತ್ರ ಚಾವಟಿಯಾಗುತ್ತದೆ.

ಈ ಚಾವಟಿ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಗಂಡಸಿನ ಹೊಟ್ಟೆ ನಮ್ಮಲ್ಲಿ ಅರ್ಧ ವಿನೋದ, ಅರ್ಧ ಐಶ್ವರ್ಯದ ಗುರುತು. ಹೆಣ್ಣಿನ ಮೈಯಾದರೋ ಊರವರ ಸೊತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಟ್ಟೆ ಹಿಡಿದು ಬಂದ ಹುಡುಗಿಯ ಮುಂದೆಯೇ, ಆಕೆಗೆ ಕಿವಿಯೇ ಇಲ್ಲವೆಂಬಂತೆ, ಸ್ವಲ್ಪ ಮೈ ಇಳಿದರೆ ಜೋಡಿ ಹೊಂದುತ್ತದೆ ಎನ್ನುವ ಹಿರಿಯರನ್ನು ಕಂಡಿದ್ದೇನೆ. ಮದುವೆಗೆ ಮುಂಚೆ ಇಳಿಯಬೇಕು. ಮದುವೆಯಾದ ಮೇಲೆ ತುಂಬಿಕೊಳ್ಳಬೇಕು, ಇಲ್ಲವಾದರೆ ಅತ್ತೆಯ ಮನೆಯಲ್ಲಿ ಸುಖವಿಲ್ಲವೆಂದು ತವರಿಗೆ ಅನುಮಾನ. ಹೆರಿಗೆಯಾದ ಮೂರು ತಿಂಗಳಿಗೆ ಮತ್ತೆ ಇಳಿಯಬೇಕು. ಚಂದ್ರನಿಗಾದರೂ ಪಕ್ಷಕ್ಕೆ ಹದಿನೈದು ದಿನಗಳ ಅವಕಾಶವಿದೆ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳುವುದಕ್ಕೆ ಕೇಳುಗರು ಅನುಮತಿ ಕೊಡಬೇಕು. ನನ್ನ ಪತ್ನಿ ಮೈಕೈ ತುಂಬಿಕೊಂಡಿದ್ದವಳು. ಬಂಧುಗಳ ಮನೆಯ ಶುಭಕಾರ್ಯಗಳಲ್ಲಿ ಅದು ವರ್ಷಾನುಗಟ್ಟಲೆ ಒಂದು ಮಾತಿನ ವಸ್ತುವಾಗಿತ್ತು. ಅವಳು ಅದಕ್ಕೆ ನಕ್ಕು ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಳು. ಕೊನೆಗಾಲದಲ್ಲಿ, ಕಾಯಿಲೆ ಇಂಥದೆಂದು ನಮ್ಮಿಬ್ಬರಿಗೂ ವೈದ್ಯರಿಗೂ ಮಾತ್ರ ತಿಳಿದಿದ್ದ ದಿನಗಳಲ್ಲಿ, ಒಂದು ಮದುವೆಗೆ ಹೋಗಲೇಬೇಕಾಯಿತು. ರವಿಕೆಯ ತೋಳುಗಳನ್ನು ಎರಡು ಸಲ ಒಳಕ್ಕೆ ಹಿಡಿದು ಹೊಲಿದುಕೊಂಡಿದ್ದಳು. ಛತ್ರದ ಬಾಗಿಲಲ್ಲಿ ಪರಿಚಯದ ಗೃಹಿಣಿಯೊಬ್ಬರು ಅವಳ ಕೈಗಳನ್ನು ಹಿಡಿದುಕೊಂಡು, “ಅಯ್ಯೋ, ಎಷ್ಟು ಚೆನ್ನಾಗಿ ಸಣ್ಣಗಾಗಿಬಿಟ್ಟಿದ್ದೀರಿ! ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ. ಗುಟ್ಟೇನು ಅಂತ ನಮಗೂ ಸ್ವಲ್ಪ ಹೇಳಿಕೊಡಿ” ಎಂದರು. ಅವಳು ಎಂದಿನಂತೆ ನಕ್ಕಳು. “ನಿಮಗೆ ಬೇಡ ಬಿಡಿ, ಇದು ತುಂಬ ದುಬಾರಿ” ಎಂದಳು. ಆ ದಿನ ಊಟದ ಪಂಕ್ತಿಯಲ್ಲಿ ಇನ್ನೂ ಮೂವರು ಅವಳನ್ನು ಅಭಿನಂದಿಸಿದರು.

ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: “ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೂವತ್ತು ವರ್ಷ ಗಟ್ಟಿಮುಟ್ಟಾಗಿದ್ದೆನಲ್ಲ, ಆಗ ಚೆನ್ನಾಗಿದ್ದೀಯ ಅಂತ ಯಾರೂ ಒಂದು ದಿನ ಹೇಳಲಿಲ್ಲ.”

ಆ ಗೃಹಿಣಿ ಕೆಟ್ಟವರಲ್ಲ. ಅವರು ಆಡಿದ್ದು ಹೊಗಳಿಕೆಯೇ. ಹಾಗಾಗಿಯೇ ಈ ಪ್ರಸಂಗವನ್ನು ಹೇಳಿದೆ. ದಪ್ಪಗಿದ್ದೀರಿ ಎಂಬುದು ನೋಯಿಸುವ ಮಾತು, ಸಣ್ಣಗಾಗಿದ್ದೀರಿ ಎಂಬುದು ಮುದ ನೀಡುವ ಮಾತು ಎಂದು ನಾವು ತಿಳಿದಿದ್ದೇವೆ. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಮೈ ಹೆಚ್ಚುವುದಕ್ಕೂ ಇಳಿಯುವುದಕ್ಕೂ ಹೊರಗಿನವರಿಗೆ ಕಾಣದ ನೂರು ಕಾರಣಗಳಿರುತ್ತವೆ. ಥೈರಾಯ್ಡ್ ಗ್ರಂಥಿಯ ದೋಷವಿರಬಹುದು, ಸೇವಿಸಲೇಬೇಕಾದ ಔಷಧಿಯಿರಬಹುದು, ಬಸಿರಿರಬಹುದು, ಕಳೆದ ಬಸಿರೂ ಇರಬಹುದು. ನಿದ್ದೆಗೆಟ್ಟ ರಾತ್ರಿಗಳು, ತೀರಿಕೊಂಡ ಮಗ, ವಂಶದಿಂದ ಬಂದ ಮೈಕಟ್ಟು, ಇವು ಯಾವುವೂ ನೋಡಿದವರ ಕಣ್ಣಿಗೆ ಬೀಳುವುದಿಲ್ಲ. ಮುಚ್ಚಿದ ಪುಸ್ತಕದ ರಟ್ಟನ್ನು ನೋಡಿ ನಾವು ವಿಮರ್ಶೆ ಬರೆಯುತ್ತಿದ್ದೇವೆ.

ಮಹಾಭಾರತದಲ್ಲಿ ಈ ವಿಷಯಕ್ಕೆ ಕನ್ನಡಿ ಹಿಡಿಯುವ ಒಂದು ಜೋಡಿ ಪ್ರಸಂಗವಿದೆ. ಭೀಮನಿಗೆ ವೃಕೋದರನೆಂದು ಹೆಸರು; ತೋಳದ ಹೊಟ್ಟೆಯವನು ಎಂದು ಅರ್ಥ. ಗೀತೆಯ ಮೊದಲ ಅಧ್ಯಾಯದಲ್ಲಿ ಅವನು ಶಂಖ ಊದುವಾಗಲೂ ಅವನನ್ನು ಆ ಹೆಸರಿನಿಂದಲೇ ಕರೆದಿದೆ. ಅಲ್ಲಿ ಅದು ಗೌರವದ ಮಾತು. ಅದೇ ಹೊಟ್ಟೆಯನ್ನು ದ್ರೋಣಪರ್ವದಲ್ಲಿ ಕರ್ಣ ಬಯ್ಗುಳವಾಗಿ ತಿರುಗಿಸುತ್ತಾನೆ. ಆಯುಧ ಕಳೆದುಕೊಂಡ ಭೀಮನನ್ನು ಬಿಲ್ಲಿನ ತುದಿಯಿಂದ ತಿವಿದು, ಹೊಟ್ಟೆಬಾಕನೆಂದು ಹೀಯಾಳಿಸುತ್ತಾನೆ, ನಿನ್ನ ಜಾಗ ರಣರಂಗವಲ್ಲ, ಉಣ್ಣುವ ಕಡೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಕರ್ಣನಿಗೆ ಈ ಕ್ರೌರ್ಯ ಎಲ್ಲಿಂದ ಬಂತು? ಹಿಂದಿನ ಪುಟಗಳನ್ನು ತಿರುವಿದರೆ ತಿಳಿಯುತ್ತದೆ. ಅಸ್ತ್ರಪ್ರದರ್ಶನದ ರಂಗದಲ್ಲಿ, ತುಂಬಿದ ಸಭೆಯೆದುರು, ನಿನ್ನ ಕುಲಕ್ಕೆ ತಕ್ಕದ್ದು ಚಾವಟಿ, ಅದನ್ನು ಹಿಡಿ ಎಂದು ಕರ್ಣನ ಹುಟ್ಟನ್ನು ಹಂಗಿಸಿದವನು ಇದೇ ಭೀಮ. ಒಬ್ಬ ಇನ್ನೊಬ್ಬನ ಹುಟ್ಟಿಗೆ ಬಾಣ ಬಿಟ್ಟ. ವರ್ಷಗಳ ಮೇಲೆ ಆ ಬಾಣ ಮೈಗೆ ತಿರುಗಿ ಬಂತು. ಹುಟ್ಟು ಮತ್ತು ಮೈ, ಇವೆರಡೂ ಮನುಷ್ಯ ತಾನಾಗಿ ಆರಿಸಿಕೊಂಡು ಬಂದವಲ್ಲ. ಹುಟ್ಟನ್ನು ಹಿಡಿದು ಹಂಗಿಸುವುದು ಅಪರಾಧವೆಂದು ನಾವು ಸಂವಿಧಾನದ ಮೂಲಕ, ಕಾನೂನಿನ ಮೂಲಕ, ಬಹಳ ಕಷ್ಟಪಟ್ಟು ಕಲಿತೆವು. ಇನ್ನೂ ಪೂರ್ತಿ ಕಲಿತಿಲ್ಲ. ಮೈಯನ್ನು ಹಿಡಿದು ಹಂಗಿಸುವುದನ್ನು ಮಾತ್ರ ತಮಾಷೆಯೆಂದೇ ಎಣಿಸಿದ್ದೇವೆ.

ಅಷ್ಟಾವಕ್ರನ ಕಥೆಯೂ ನೆನಪಾಗುತ್ತದೆ. ಎಂಟು ಕಡೆ ಡೊಂಕಾದ ಅವನ ಮೈಯನ್ನು ಕಂಡು ಜನಕನ ಸಭೆಯ ಪಂಡಿತರು ನಕ್ಕರಂತೆ. ಅವನೂ ನಕ್ಕು, ಇದು ವಿದ್ವಾಂಸರ ಸಭೆಯೆಂದು ಬಂದೆ, ಚರ್ಮ ನೋಡಿ ಬೆಲೆಕಟ್ಟುವವರ ಸಂತೆ ಎಂದು ತಿಳಿಯಿತು ಎಂದನಂತೆ. ಜನರ ಬಾಯಲ್ಲಿ ಉಳಿದಿರುವ ಈ ಕಥೆಯನ್ನು ನಾವು ಮೆಚ್ಚುಗೆಯಿಂದ ಹೇಳುತ್ತೇವೆ. ಆದರೆ ಆ ಚುರುಕು ಉತ್ತರದಲ್ಲೂ ಚರ್ಮದ ಕಸುಬಿನವರ ಮೇಲೊಂದು ಏಟು ಬಿದ್ದದ್ದನ್ನು ಯಾರೂ ಗಮನಿಸುವುದಿಲ್ಲ. ಅವಮಾನಕ್ಕೆ ಅದೊಂದು ಚಾಳಿ. ಒಬ್ಬರಿಂದ ಇಳಿಸಿದರೆ ಇನ್ನೊಬ್ಬರ ಹೆಗಲೇರುತ್ತದೆ.

ತಮಾಷೆಯ ಮಾತು ಬಂತು. ಇದನ್ನೆಲ್ಲ ಕೇಳಿದ ನನ್ನ ಸ್ನೇಹಿತರೊಬ್ಬರು, “ಹಾಗಾದರೆ ನಗುವುದನ್ನೇ ಬಿಡಬೇಕೆ? ನಮ್ಮ ಹಳ್ಳಿಗಳಲ್ಲಿ ಗಿಡ್ಡಯ್ಯ, ಗುಂಡಣ್ಣ, ಕುಳ್ಳೇಗೌಡ ಇವರೆಲ್ಲ ಸುಖವಾಗಿ ಬಾಳಲಿಲ್ಲವೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹಳ್ಳಿಯಲ್ಲಿ ಐದು ಜನ ರಂಗಪ್ಪಗಳಿದ್ದಾಗ ಗುರುತಿಗೆ ಒಂದು ಅಡ್ಡಹೆಸರು ಬೇಕಾಗುತ್ತಿತ್ತು. ಅಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಇರುತ್ತಿತ್ತು. ಎಲ್ಲರಿಗೂ ಹಂಚಿದ ಹಾಸ್ಯ ಯಾರಿಗೂ ಹೆಚ್ಚು ಭಾರವಾಗುವುದಿಲ್ಲ. ನಮ್ಮ ನಾಟ್ಯಶಾಸ್ತ್ರ ವಿದೂಷಕನಿಗೆ ಕುಳ್ಳು ಮೈಯನ್ನೂ ಗೂನನ್ನೂ ಉಬ್ಬು ಹಲ್ಲನ್ನೂ ಹೇಳಿದ್ದುಂಟು. ಆದರೆ ಆ ಮೈಯನ್ನು ಮುಂದಿಟ್ಟುಕೊಂಡು ಅವನು ದೊರೆಯನ್ನೇ ಪರಿಹಾಸ್ಯ ಮಾಡುತ್ತಾನೆ. ಅದೇ ಶಾಸ್ತ್ರ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಮುಗುಳ್ನಗೆಯಾದ ಸ್ಮಿತವನ್ನು ಉತ್ತಮರಿಗೂ ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಕೊಟ್ಟಿದೆ. ನಗು ಬೇಡವೆಂದು ಭರತನೂ ಹೇಳಲಿಲ್ಲ. ಯಾವ ನಗು ಎಂದು ಕೇಳಿದ.

ನಮ್ಮ ಚಿತ್ರರಂಗದ ದ್ವಾರಕೀಶರನ್ನೇ ನೋಡಿ. 1969ರಲ್ಲಿ ‘ಮೇಯರ್ ಮುತ್ತಣ್ಣ’ದಂಥ ಚಿತ್ರ ನಿರ್ಮಿಸಿದ ಅವರು, ‘ಕುಳ್ಳ’ ಎಂಬ ಮಾತನ್ನು ತಾವೇ ಕೈಗೆತ್ತಿಕೊಂಡು ‘ಕುಳ್ಳ ಏಜೆಂಟ್ 000’, ‘ಪ್ರಚಂಡ ಕುಳ್ಳ’ ಎಂದು ಚಿತ್ರಗಳ ಹೆಸರಿನಲ್ಲೇ ಮೆರೆಸಿದರು. 2024ರಲ್ಲಿ ಅವರು ತೀರಿಕೊಂಡಾಗ ನಾಡು ಆ ಹೆಸರನ್ನು ಪ್ರೀತಿಯಿಂದಲೇ ನೆನೆಯಿತು. ಅದು ತಾನಾಗಿ ತೊಟ್ಟ ಕಿರೀಟ. ಹಿಂದಿ ಚಿತ್ರರಂಗದ ಉಮಾದೇವಿಯವರ ಕಥೆಗೆ ಇನ್ನೊಂದು ಮುಖವುಂಟು. 1947ರ ‘ದರ್ದ್’ ಚಿತ್ರದಲ್ಲಿ ನೌಷಾದರ ಸಂಗೀತದಲ್ಲಿ ಹಾಡಿ ದೇಶದ ಮನಸ್ಸನ್ನು ಗೆದ್ದ ಗಾಯಕಿ ಆಕೆ. 1950ರ ‘ಬಾಬುಲ್’ನಿಂದ ಹಾಸ್ಯಪಾತ್ರಗಳಿಗೆ ಬಂದು ಟುನ್ ಟುನ್ ಆದರು, ನಟಿಯಾಗಿ ಬಹುಕಾಲ ಜನರನ್ನು ನಗಿಸಿದರು. ಆದರೆ ಆ ಕಂಠ ಯಾರದೆಂದು ಬಲ್ಲವರು ಕೆಲವರೇ ಉಳಿದರು. ದೇಶದ ಊರೂರ ಶಾಲೆಗಳಲ್ಲಿ ಸ್ವಲ್ಪ ಮೈಯಿದ್ದ ಹುಡುಗಿಯರನ್ನೆಲ್ಲ ಆ ಹೆಸರಿನಿಂದ ಕೂಗಿದರು. ಆ ಹುಡುಗಿಯರು ಕಿರೀಟ ಕೇಳಿರಲಿಲ್ಲ.

ಅಂಥ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಗಮಕದಲ್ಲಿ ಅವಳಿಗೆ ಒಳ್ಳೆಯ ಪರಿಶ್ರಮವಿತ್ತು. ಕುಮಾರವ್ಯಾಸನ ಷಟ್ಪದಿಗಳನ್ನು ಅವಳು ಹಾಡಿದರೆ ಅರ್ಥ ಹೇಳುವ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು. ಒಂದು ಅಂತರಕಾಲೇಜು ಸ್ಪರ್ಧೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೆಟ್ಟಿಲೇರುವಾಗ ಕಾರ್ಯಕ್ರಮ ನಿರ್ವಹಿಸುತ್ತಿದ್ದ ಮಹನೀಯರು ಧ್ವನಿವರ್ಧಕದಲ್ಲಿ, “ವೇದಿಕೆ ಗಟ್ಟಿಯಾಗಿದೆ ತಾನೆ?” ಎಂದರು. ಸಭೆ ಗೊಳ್ಳೆಂದು ನಕ್ಕಿತು. ಅವಳು ಹಾಡಿದಳು, ಬಹುಮಾನವನ್ನೂ ಪಡೆದಳು. ಆದರೆ ಮತ್ತೆ ವೇದಿಕೆ ಏರಲಿಲ್ಲ. ನಾನು ಎಷ್ಟೋ ಸಲ ಕರೆದೆ; ಗಂಟಲು ಸರಿಯಿಲ್ಲ ಸರ್ ಎಂದಳು. ಆ ಮಹನೀಯರಿಗೆ ಆ ಮಾತು ಮರುಕ್ಷಣವೇ ಮರೆತುಹೋಗಿರಬೇಕು. ನಕ್ಕ ಮುನ್ನೂರು ಜನರಿಗೂ ಮರೆತಿರಬೇಕು. ಕನ್ನಡ ಒಂದು ಕಂಠವನ್ನು ಕಳೆದುಕೊಂಡಿತು. ಚೌತಿಯ ಶಾಪ ನೋಡಿದವರಿಗೂ ಏಕೆ ತಟ್ಟಬೇಕೆಂಬುದು ನನಗೆ ಸ್ಪಷ್ಟವಾದದ್ದು ಆ ಸಭಾಂಗಣದಲ್ಲಿ.

ಇನ್ನೊಂದು ಆಕ್ಷೇಪ ಉಳಿದಿದೆ, ಅದೇ ಹೆಚ್ಚು ಗಟ್ಟಿಯಾದದ್ದು. ಅಧಿಕ ತೂಕದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳು ಬರುವ ಸಂಭವ ಹೆಚ್ಚು. ಅವರ ಒಳ್ಳೆಯದಕ್ಕೆ ತಾನೆ ನಾವು ಹೇಳುವುದು ಎಂದು. ತೊಂದರೆಗಳು ನಿಜ; ಅದನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ಆದರೆ ದಪ್ಪಗಿರುವವರಿಗೆ ತಾವು ದಪ್ಪಗಿದ್ದೇವೆಂಬುದು ನಮ್ಮಿಂದ ತಿಳಿಯಬೇಕೆ? ಅವರ ಮನೆಯಲ್ಲೂ ಕನ್ನಡಿಯಿದೆ. ವೈದ್ಯರು ಅದನ್ನು ಹೇಳುವುದುಂಟು; ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕಾರಣ ವಿಚಾರಿಸಿ, ದಾರಿ ತೋರಿಸಿ ಹೇಳುತ್ತಾರೆ. ನಾವು ಬಾಗಿಲು ತೆರೆದು, ಕಾರಣ ಕೇಳದೆ, ದಾರಿಯನ್ನೂ ತೋರದೆ ಹೇಳುತ್ತೇವೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರಡಿಸಿದ ಸಹಮತದ ಹೇಳಿಕೆಯೊಂದು, ಸ್ಥೂಲಕಾಯದವರನ್ನು ಕೀಳಾಗಿ ಕಾಣುವುದರಿಂದ ಅವರ ದೇಹಕ್ಕೂ ಮನಸ್ಸಿಗೂ ಹಾನಿಯೇ ಆಗುತ್ತದೆ, ತಕ್ಕ ಚಿಕಿತ್ಸೆಯೂ ಅವರಿಗೆ ಸಿಕ್ಕದೆ ಹೋಗಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ತಜ್ಞರೇ ಬೇಕೆಂದಿಲ್ಲ. ಬೆಳಗಿನ ನಡಿಗೆಗೆಂದು ಉದ್ಯಾನಕ್ಕೆ ಬಂದ ಹೆಂಗಸನ್ನು ನೋಡಿ ಕಟ್ಟೆಯ ಮೇಲೆ ಕೂತವರು ನಕ್ಕರೆ, ಮರುದಿನ ಆಕೆ ಉದ್ಯಾನಕ್ಕೆ ಬರುವುದಿಲ್ಲ, ಅಷ್ಟೆ. ಅವಳ ಆರೋಗ್ಯದ ಬಗ್ಗೆ ಕಾಳಜಿಯಿದ್ದವರು ಮಾಡಿದ ಉಪಕಾರ ಇದು.

ಹಾಗಾದರೆ ನಮ್ಮಜ್ಜಿಯ ಬಾಯಿ ಮುಚ್ಚಿಸಬೇಕೆ? ಖಂಡಿತ ಇಲ್ಲ. ಮಾತಿಗೆ ಹಕ್ಕು ಬರುವುದು ಹೊಣೆಯಿಂದ. ಮಾತಿನ ಹಿಂದೆ ತಟ್ಟೆ ತರುವವರು, ಆಸ್ಪತ್ರೆಗೆ ಜೊತೆಯಲ್ಲಿ ಬರುವವರು, ರಾತ್ರಿ ಎದ್ದು ನೀರು ಕೊಡುವವರು ಮೈ ಸೊರಗಿದೆಯೆಂದರೆ ಅದು ಮೈಯನ್ನು ಕುರಿತ ಮಾತಲ್ಲ, ನಮ್ಮನ್ನು ಕುರಿತ ಮಾತು. ಬಸ್ಸಿಗೆ ಹೊತ್ತಾಯಿತೆಂದು ಒಂದು ನಿಮಿಷ ನಿಂತು ಹೋಗುವವರಿಗೆ ಆ ಹಕ್ಕಿಲ್ಲ.

ಎದುರಾದವರನ್ನು ಮಾತನಾಡಿಸಲು ನಮ್ಮ ಭಾಷೆಯಲ್ಲಿ ಪದಗಳಿಗೇನು ಬರವಿಲ್ಲ. ಊಟವಾಯಿತೆ ಎಂದು ಕೇಳುತ್ತೇವೆ. ಉಂಡದ್ದು ಎಲ್ಲಿ ಹೋಯಿತೆಂದು ಕೇಳಬೇಕಾಗಿಲ್ಲ. ಕ್ಷೇಮವೆ ಎಂದು ಹಿರಿಯರು ಕೇಳುತ್ತಿದ್ದರು. ಧಾರವಾಡದ ಕಡೆಯವರು “ಆರಾಮ ಅದೀರಿ?” ಎನ್ನುತ್ತಾರೆ. ಎಂಥ ತಂಪಾದ ಮಾತು! ಇವೆಲ್ಲ ಪ್ರಶ್ನೆಗಳು. ಪ್ರಶ್ನೆಯೆಂದರೆ ಎದುರಿನವರಿಗೆ ಹಾಕುವ ಒಂದು ಮಣೆ. ಕೂರುವುದು ಬಿಡುವುದು, ಎಷ್ಟು ಹೇಳಬೇಕು ಎಷ್ಟು ಹೇಳಬಾರದು ಎಂಬುದು ಅವರಿಗೆ ಸೇರಿದ್ದು. ತೂಕದ ಮಾತಾದರೋ ಪ್ರಶ್ನೆಯಲ್ಲ, ತೀರ್ಪು. ಅದು ಅವರನ್ನು ನಿಲ್ಲಿಸಿಯೇ ಹೇಳುವಂಥದು.

ವ್ಯಾಕರಣ ಕಲಿಸಿದವನಿಗೆ ಕೊನೆಗೂ ವ್ಯಾಕರಣವೇ ನೆನಪಾಗುತ್ತದೆ. ‘ಹೇಗಿದ್ದೀರಿ’ ಎಂಬುದಕ್ಕೂ ‘ಹೀಗಿದ್ದೀರಿ’ ಎಂಬುದಕ್ಕೂ ಕನ್ನಡದಲ್ಲಿರುವ ವ್ಯತ್ಯಾಸ ಒಂದು ಸ್ವರದ್ದು. ಮೊದಲನೆಯದು ಕೇಳಿ ತಿಳಿಯುವ ಮಾತು. ಎರಡನೆಯದು ತಿಳಿದೆನೆಂದುಕೊಂಡು ಹೇಳುವ ಮಾತು. ನಾಳೆ ಬೀದಿಯಲ್ಲಿ ಯಾರಾದರೂ ಎದುರಾದರೆ ಆ ಸ್ವರದ ಮೇಲೆ ಸ್ವಲ್ಪ ಗಮನವಿಡೋಣ.